ಹಾಸ್ಟೆಲ್ಲಿನ ಮೆಣಸಿನಕಾಯಿ ಚೀಲ

ಸ್ಫೂರ್ತಿ, ವಿನಯ, ಇದು ನಿಮ್ಮಿಬ್ಬರಿಗೂ ಬರೆದದ್ದು. ನನ್ನದು ಕದರಮಂಡಲಗಿ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಗೆ ನಿಂತುಹೋದ ಅಕ್ಷರ. ಗುಂಡಗೆ ಇರುತ್ತದೆ, ಸಾಲು ಮಾತ್ರ ನೆಟ್ಟಗೆ ಹೋಗುವುದಿಲ್ಲ. ವಿನಯನಿಗೆ ಓದಲು ಆಗದಿದ್ದರೆ ಸ್ಫೂರ್ತಿ ಓದಿ ಹೇಳಲಿ. ನಗುವುದಿದ್ದರೆ ನಾನು ಹಿತ್ತಲಿಗೆ ಹೋದಾಗ ನಗಿರಿ.

ನಿನ್ನೆ ಸ್ಫೂರ್ತಿಯ ಓಢಣಿಯನ್ನು ಒಗೆಯಲು ನೆನೆಹಾಕುತ್ತಿದ್ದೆ. ಬೆರಳಿಗೆ ಏನೋ ಚುಚ್ಚಿತು. ಬಿಡಿಸಿ ನೋಡಿದರೆ ಪಿನ್ನು ಹಾಕಿದ ಗುಲಾಬಿ ಬಣ್ಣದ ರಟ್ಟಿನ ಬಿಲ್ಲೆ. ಮೇಲೆ ನಿನ್ನ ಹೆಸರು, ಕೆಳಗೆ ಹೊಸ ವಿದ್ಯಾರ್ಥಿಗಳಿಗೆ ಸ್ವಾಗತ ಎಂದು ಅಚ್ಚು. ಧಾರವಾಡದ ಹಾಸ್ಟೆಲ್ಲಿನಲ್ಲಿ ನಿಮ್ಮನ್ನೆಲ್ಲ ಕೂಡಿಸಿ, ಬಿಲ್ಲೆ ಚುಚ್ಚಿ, ಆಟ ಆಡಿಸಿ, ಊಟ ಹಾಕಿದರಂತೆ. ನೀನು ರಜೆಗೆ ಬಂದ ದಿನವೇ ನಾನು ಕೇಳಿದ್ದೆ.

“ಸ್ವಾಗತ ಹೆಂಗಾತವ್ವ?”

“ಚೊಲೋ ಆತಜ್ಜಿ.”

ಅಷ್ಟೇ. ಮುಂದೆ ನೀನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳುವುದು ನನ್ನಿಂದ ಆಗದ ಕೆಲಸ. ಹಾಗೆಂದು ತಿಳಿದುಕೊಳ್ಳುವ ಆಸೆ ಇಲ್ಲವೆಂದುಕೊಳ್ಳಬೇಡಿ. ಅದು ನನಗೆ ಊರಿಗೆಲ್ಲ ಹಂಚುವಷ್ಟಿದೆ. ಮದುವೆಯಾಗಿ ಬಂದ ಮೊದಲ ವಾರ, ಮಾವನವರಿಗೆ ಎಷ್ಟು ಎಮ್ಮೆ ಇವೆ ಎಂದು ತಿಳಿಯುವ ಆಸೆಯಾಯಿತು. ಅತ್ತೆಯವರನ್ನು ಕೇಳಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ನಾನು ನೀರಿಗೆ ಹೋಗುವ ನೆವ ಮಾಡಿ ದನದ ಕೊಟ್ಟಿಗೆಯಲ್ಲಿ ಗೂಟಕ್ಕೆ ಕಟ್ಟಿದ ಹಗ್ಗ ಎಣಿಸಿ ಬಂದೆ. ಅವುಗಳಲ್ಲಿ ಒಂದು ಹಗ್ಗ ಹಿಂದಿನ ವರ್ಷ ಸತ್ತ ಎಮ್ಮೆಯದು. ಹೀಗಾಗಿ ಬಹಳ ದಿನ ನಮ್ಮ ಮನೆಯಲ್ಲಿ ಇಲ್ಲದ ಒಂದು ಎಮ್ಮೆ ನನ್ನ ಲೆಕ್ಕದಲ್ಲಿ ಮೇಯುತ್ತಿತ್ತು.

ಇಂಥ ನನ್ನನ್ನು ತಂದು ಹುಡುಗಿಯರಿಂದ ತುಂಬಿದ ಮನೆಯಲ್ಲಿ ಕೂಡಿಸಿದರೆ ಏನಾಗಬೇಕು, ಹೇಳಿ.

ನಿಮ್ಮ ಅಜ್ಜ ರಾಣೆಬೆನ್ನೂರಿನ ಒಂದು ಕಾಲೇಜಿನಲ್ಲಿ ಜವಾನರಾಗಿದ್ದರು. ಅವರು ತೀರಿಕೊಂಡ ಮೇಲೆ ಕಾಲೇಜಿನವರು ನನಗೆ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಅಡುಗೆಮನೆ ಮತ್ತು ಉಗ್ರಾಣ ನೋಡಿಕೊಳ್ಳುವ ಕೆಲಸ ಕೊಟ್ಟರು. ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಹಾವೇರಿ ಇನ್ನೂ ಜಿಲ್ಲೆಯಾಗಿರಲಿಲ್ಲ. ಪರೀಕ್ಷೆ, ಹಾಲ್ ಟಿಕೆಟ್, ಡಿಗ್ರಿ ಎಲ್ಲವೂ ಧಾರವಾಡದ ಯೂನಿವರ್ಸಿಟಿಯಿಂದ ಬರಬೇಕು. ಬ್ಯಾಡಗಿ ಕಡೆಯಿಂದ, ಹಾವೇರಿಯಿಂದ, ಹೊಳೆಯ ಆಚೆಯ ಹಳ್ಳಿಗಳಿಂದ ಹುಡುಗಿಯರು ಟ್ರಂಕು, ಹಾಸಿಗೆ ಸುರುಳಿ, ಬುತ್ತಿಯ ಗಂಟು ಹೊತ್ತು ಜೂನ್ ತಿಂಗಳಲ್ಲಿ ಬರುತ್ತಿದ್ದರು. ಬಹಳ ಜನರಿಗೆ ಅದು ತಾಯಿಯನ್ನು ಬಿಟ್ಟು ಮಲಗುವ ಮೊದಲ ಸಲ.

ನಾನು ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಬುತ್ತಿ ನೋಡಿ ತಿಳಿದುಕೊಳ್ಳುತ್ತಿದ್ದೆ. ರೊಟ್ಟಿಗೆ ಎಳ್ಳು ಹಚ್ಚಿದ್ದರೆ ಅಜ್ಜಿ ಬದುಕಿದ್ದಾಳೆ. ಶೇಂಗಾ ಚಟ್ನಿಯನ್ನು ಮೂರು ಪದರು ಬಟ್ಟೆಯಲ್ಲಿ ಕಟ್ಟಿದ್ದರೆ ತಾಯಿ ಕಟ್ಟಿದ್ದು. ಹಾಳೆಯಲ್ಲಿ ಸುತ್ತಿ ಎಣ್ಣೆ ಹೊರಗೆ ಬಂದಿದ್ದರೆ ಅಪ್ಪ ಕಟ್ಟಿದ್ದು. ಎಷ್ಟೋ ಸಲ ತಪ್ಪುತ್ತಿತ್ತು, ಆ ಎಮ್ಮೆಯ ಹಾಗೆ. ಆದರೆ ಒಂದು ಗುರುತು ಮಾತ್ರ ಎಂದೂ ತಪ್ಪಲಿಲ್ಲ. ಅದು ಸೋಪಿನ ಡಬ್ಬಿ. ಹೊಸ ಹುಡುಗಿ ಬಂದ ಮೊದಮೊದಲು ಸೋಪಿನ ಡಬ್ಬಿಯನ್ನು ಟ್ರಂಕಿನಲ್ಲೇ ಇಟ್ಟುಕೊಳ್ಳುತ್ತಾಳೆ. ಸ್ನಾನಕ್ಕೆ ಹೋಗುವಾಗ ತೆಗೆಯುತ್ತಾಳೆ, ಬಂದು ಒರೆಸಿ ಒಳಗಿಡುತ್ತಾಳೆ. ಯಾವ ದಿನ ಅದನ್ನು ಕಿಟಕಿಯ ಕಟ್ಟೆಯ ಮೇಲೆ ಬಿಡುತ್ತಾಳೋ ಆ ದಿನ ಅವಳು ಒಗ್ಗಿದಳು ಎಂದು ತಿಳಿಯಬೇಕು. ಕೋಣೆ ಗುಡಿಸುವ ನೆವದಲ್ಲಿ ನಾನು ದಿನಾ ಕಿಟಕಿ ಕಟ್ಟೆಗಳನ್ನು ನೋಡುತ್ತಿದ್ದೆ. ಗುಡಿಸುವುದು ನನ್ನ ಕೆಲಸವಾಗಿರಲಿಲ್ಲ ಎಂಬುದು ಬೇರೆ ಮಾತು.

ಹಾಸ್ಟೆಲ್ಲಿನ ವಾರ್ಡನ್ ಸರೋಜಾ ಮೇಡಂ ಮೈಸೂರು ಕಡೆಯವರು. ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದರು. ಒಳ್ಳೆಯ ಮನುಷ್ಯರು, ಆದರೆ ಯಾವುದನ್ನು ಮಾಡಿದರೂ ವೇದಿಕೆ ಹಾಕಿ ಮಾಡಬೇಕು. ಪ್ರತಿ ವರ್ಷ ಹೊಸ ಹುಡುಗಿಯರಿಗೆ ಸ್ವಾಗತ ಸಮಾರಂಭ. ಊಟದ ಕೋಣೆಯಲ್ಲಿ ಎರಡು ಮೇಜು ಜೋಡಿಸಿ ಜಮಖಾನ ಹಾಸುವುದು, ಪ್ರಾರ್ಥನೆ, ಭಾಷಣ, ಆಮೇಲೆ ಒಬ್ಬೊಬ್ಬರೇ ಮೇಲೆ ಹತ್ತಿ ಹೆಸರು, ಊರು, ಗುರಿ ಹೇಳುವುದು. ನಾನು ಕೆಲಸಕ್ಕೆ ಸೇರಿದ ವರ್ಷ ನನ್ನನ್ನೂ ಹತ್ತಿಸಲು ಬಂದರು. “ನೀಲಮ್ಮ, ನೀವೂ ಹೊಸಬರೇ ತಾನೆ, ಬನ್ನಿ” ಎಂದರು. ನಾನು ಒಲೆಯ ಮೇಲೆ ಹಾಲು ಉಕ್ಕುತ್ತದೆ ಎಂದು ಹೇಳಿ ಒಳಗೆ ಓಡಿದೆ. ಅವತ್ತು ಹಾಲಿನವನು ಇನ್ನೂ ಬಂದೇ ಇರಲಿಲ್ಲ. ಖಾಲಿ ಪಾತ್ರೆಯ ಮುಂದೆ ಕುಳಿತು ಎಲ್ಲ ಭಾಷಣ ಕೇಳಿದೆ.

ಅದರ ಮುಂದಿನ ವರ್ಷ ಮುಮತಾಜ ಬಂದಳು.

ಬ್ಯಾಡಗಿ ಹತ್ತಿರದ ಹಳ್ಳಿ. ಅವಳ ಅಪ್ಪ ಇಮಾಮಸಾಬರು ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಆರಿಸಿ, ಬೇರೆ ಬೇರೆ ರಾಶಿ ಮಾಡಿ, ತೂಕಕ್ಕೆ ಹಾಕುವ ಕೆಲಸದವರು. ಎತ್ತರದ ಮನುಷ್ಯ. ಟ್ರಂಕನ್ನು ಹೆಗಲ ಮೇಲೆ ಹೊತ್ತು ಬಂದರು. ಮಗಳು ಅವರ ಬೆನ್ನ ಹಿಂದೆ ಕಾಣದ ಹಾಗೆ ನಿಂತಿದ್ದಳು. ಅವಳ ಊರಿನಲ್ಲಿ ಹತ್ತನೆಯ ಇಯತ್ತೆ ದಾಟಿದ ಹೆಣ್ಣುಮಗಳು ಇವಳೊಬ್ಬಳೇ ಅಂತೆ. ಪಿಯುಸಿಯನ್ನು ದಿನಾ ಬ್ಯಾಡಗಿಗೆ ಅಪ್ಪನ ಸೈಕಲ್ಲಿನ ಹಿಂದೆ ಕುಳಿತು ಹೋಗಿ ಮುಗಿಸಿದ್ದಳು.

“ಅಕ್ಕಾರ,” ಎಂದರು ಇಮಾಮಸಾಬರು ನನಗೆ, ಬಾಗಿಲಲ್ಲಿ ಚಪ್ಪಲಿ ಬಿಡುತ್ತ, “ಎರಡು ವಾರ ನೋಡ್ತೇನ್ರಿ. ಒಗ್ಗಿದ್ಲೋ, ಇರ್ಲಿ, ಕಲೀಲಿ. ಒಗ್ಗಲಿಲ್ಲೋ, ಎರಡನೇ ಆಯ್ತವಾರ ಬಂದು ಕರಕೊಂಡ ಹೋಗಿಬಿಡ್ತೇನಿ. ಮನ್ಯಾಗ ನಮ್ಮವ್ವಗಂತೂ ಇದು ಬ್ಯಾಡೇ ಬ್ಯಾಡ. ಒಂದ ಸಲ ಕರಕೊಂಡ ಹೋದ್ನೆಂದ್ರ ಮತ್ತ ಕಳಸಾಕ ನನ್ನ ಕೈಲೆ ಆಗೂದಿಲ್ರಿ.”

“ಒಗ್ಗತಾಳ್ರಿ,” ಎಂದೆ. ಅಷ್ಟು ಹೇಳುವುದಕ್ಕೇ ನನಗೆ ಸಾಕಾಗಿತ್ತು.

ಅವರು ಹೋಗುವಾಗ ಮಗಳ ಮುಖ ನೋಡಲಿಲ್ಲ. ಗೇಟಿನ ತನಕ ಹೋಗಿ, ತಿರುಗಿ ಬಂದು, ಟ್ರಂಕಿನ ಹಗ್ಗವನ್ನು ಸುಮ್ಮನೆ ಒಂದು ಸಲ ಎಳೆದು ನೋಡಿ ಮತ್ತೆ ಹೋದರು. ಆ ಹಗ್ಗವನ್ನು ಯಾಕೆ ಎಳೆದು ನೋಡಿದರು ಎಂದು ನಾನು ಬಹಳ ದಿನ ಯೋಚಿಸಿದ್ದೇನೆ.

ಮೊದಲ ಭಾನುವಾರ ಸ್ವಾಗತ ಸಮಾರಂಭವಾಯಿತು. ಆ ವರ್ಷ ವಿಜಯಾ ಎಂಬ ಮೂರನೆಯ ವರ್ಷದ ಹುಡುಗಿ ಒಂದು ಹೊಸ ಆಟ ಹುಡುಕಿದ್ದಳು. ವಿಜಯಾ ರಾಣೆಬೆನ್ನೂರಿನ ಸಂತೆಯನ್ನೂ ಮಾತಿನಿಂದ ನಿಲ್ಲಿಸುವಂಥವಳು. ಒಂದು ಬುಟ್ಟಿಯಲ್ಲಿ ಚೀಟಿ ಹಾಕಿಟ್ಟಿದ್ದಳು. ಹೊಸಬರು ಒಂದು ಚೀಟಿ ಎತ್ತಿ ಅದರಲ್ಲಿ ಬರೆದಂತೆ ಮಾಡಬೇಕು. ಒಬ್ಬಳು ಹಾಡಿದಳು, ಒಬ್ಬಳು ಕೋಳಿಯ ಹಾಗೆ ಕೂಗಿದಳು. ಮುಮತಾಜಳಿಗೆ ಬಂದ ಚೀಟಿಯಲ್ಲಿ ಬಸ್ ಕಂಡಕ್ಟರಂತೆ ಊರುಗಳ ಹೆಸರು ಕೂಗು ಎಂದಿತ್ತು.

ಅವಳು ಮೇಜಿನ ಮೇಲೆ ನಿಂತಳು. ಚೀಟಿ ಓದಿದಳು. ಆಮೇಲೆ ಜಮಖಾನದ ಪಟ್ಟಿಗಳನ್ನು ನೋಡುತ್ತ ನಿಂತುಬಿಟ್ಟಳು. ಹೆಸರೂ ಹೊರಡಲಿಲ್ಲ.

“ಬಸ್ಸು ನಿಂತ ಬಿಡ್ತು ನೋಡ್ರಿ,” ಎಂದಳು ವಿಜಯಾ. “ಎಲ್ಲಾರೂ ಇಳದು ದಬ್ಬರಿ.”

ಎಲ್ಲರೂ ನಕ್ಕರು. ಅದರಲ್ಲಿ ಕೆಟ್ಟತನವೇನೂ ಇರಲಿಲ್ಲ. ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತ ನನಗೂ ತುಟಿಯವರೆಗೆ ನಗು ಬಂದಿತ್ತು. ಆದರೆ ಅವತ್ತಿನಿಂದ ಅವಳ ತಾಟಿನಿಂದ ರೊಟ್ಟಿ ಅರ್ಧಕ್ಕರ್ಧ ತಿರುಗಿ ಬರತೊಡಗಿತು. ಟ್ರಂಕಿನ ಹಗ್ಗವನ್ನು ಅವಳು ಬಟ್ಟೆ ತೆಗೆದುಕೊಳ್ಳುವಷ್ಟು ಸಡಿಲಿಸುತ್ತಿದ್ದಳು, ಮತ್ತೆ ಬಿಗಿಯುತ್ತಿದ್ದಳು. ಕಿಟಕಿಯ ಕಟ್ಟೆಯ ಮೇಲೆ ಅವಳ ಕೋಣೆಯ ಉಳಿದ ಮೂವರ ಸೋಪಿನ ಡಬ್ಬಿಗಳಿದ್ದವು. ನಾಲ್ಕನೆಯದು ಇರಲಿಲ್ಲ. ಗುರುವಾರವೂ ಇರಲಿಲ್ಲ, ಶನಿವಾರವೂ ಇರಲಿಲ್ಲ. ಇಮಾಮಸಾಬರು ಭಾನುವಾರ ಬರುವವರು.

ಅವಳೊಡನೆ ಮಾತಾಡಬೇಕು ಎಂದು ನಾನು ದಿನಕ್ಕೆ ನಾಲ್ಕು ಸಲ ಅವಳ ಕೋಣೆಯ ತನಕ ಹೋಗಿ ಬಂದೆ. ಒಮ್ಮೆ ಒಳಗೂ ಹೋದೆ. “ಏನವ್ವ,” ಎಂದೆ. “ಏನಿಲ್ರಿ,” ಎಂದಳು. ಹೊರಗೆ ಬಂದೆ. ಇಬ್ಬರು ನಾಚಿಕೆಯವರು ಸೇರಿದರೆ ಸಂಭಾಷಣೆ ಇಷ್ಟೇ ಉದ್ದ.

ಇಲ್ಲಿ ಸ್ವಲ್ಪ ನಿಲ್ಲಿ, ಮೆಣಸಿನಕಾಯಿ ಚೀಲದ ಸಂಗತಿ ಹೇಳಬೇಕು. ಆ ಬೇಸಿಗೆಯಲ್ಲಿ ಹಾಸ್ಟೆಲ್ಲಿಗೆ ವರ್ಷಕ್ಕಾಗುವ ಮೆಣಸಿನಕಾಯಿ ತರಲು ಬ್ಯಾಡಗಿಗೆ ಹೋದವಳು ನಾನೇ. ಆ ತಾಲ್ಲೂಕಿನಲ್ಲಿ ಹುಟ್ಟಿದವಳು, ಇವಳಿಗೆ ಗೊತ್ತಿರುತ್ತದೆ ಎಂದು ಮೇಡಂ ಕಳಿಸಿದ್ದರು. ನನಗೆ ಗೊತ್ತಿತ್ತು ಕೂಡ. ಮೆಣಸಿನಕಾಯಿ ಕೊಳ್ಳುವವರು ಮೇಲಿನದನ್ನು ನೋಡಿ ಕೊಳ್ಳುವುದಿಲ್ಲ. ತೋಳು ಏರಿಸಿ, ಚೀಲದೊಳಗೆ ಮೊಳಕೈವರೆಗೆ ಕೈ ಇಳಿಸಿ, ತಳದಿಂದ ಒಂದು ಹಿಡಿ ಎಳೆದು, ಮುರಿದು, ಮೂಸಿ ನೋಡುತ್ತಾರೆ. ನಾಲ್ಕು ಕಡೆ ಗಂಡಸರು ನಿಂತಿದ್ದರು. ನಿಮ್ಮ ಅಜ್ಜ ಹೋಗಿ ಇನ್ನೂ ಎರಡು ವರ್ಷವಾಗಿರಲಿಲ್ಲ. ಬಳೆ ಇಲ್ಲದ ಕೈಯನ್ನು ಅಷ್ಟು ಜನರ ಮುಂದೆ ಮೊಳಕೈವರೆಗೆ ಚಾಚಲು ನನಗೆ ಆಗಲಿಲ್ಲ. ಸೆರಗಿನೊಳಗಿನ ಕೈಯನ್ನು ಹೊರಗೆ ತೆಗೆಯದೆ, ಮೇಲಿನ ಸುಕ್ಕುಸುಕ್ಕಾದ ಕೆಂಪು ಡಬ್ಬಿ ಕಾಯಿಗಳನ್ನು ಕಣ್ಣಿನಿಂದ ನೋಡಿ, ಆಗಲಿ ಎಂದು ತಲೆಯಾಡಿಸಿದೆ. ಬ್ಯಾಡಗಿಯ ಡಬ್ಬಿ ಕಾಯಿ ಎಂದರೆ ಬಣ್ಣ ಬಹಳ, ಖಾರ ಕಡಿಮೆ. ಹುಡುಗಿಯರ ಹೊಟ್ಟೆಗೆ ತಂಪು. ಚೀಲ ಬಂದು ಉಗ್ರಾಣದಲ್ಲಿ ಕುಳಿತಿತ್ತು. ಮಳೆ ಹಿಡಿಯುವ ಮೊದಲು ತೊಟ್ಟು ಬಿಡಿಸಿ ಕುಟ್ಟಿಸಬೇಕಿತ್ತು.

ಆ ಎರಡನೆಯ ಭಾನುವಾರ ಬೆಳಗ್ಗೆ ಚೀಲ ನೋಡುತ್ತ ನಿಂತಾಗ ನನಗೊಂದು ನೆನಪಾಯಿತು. ಚಿಕ್ಕವಳಿದ್ದಾಗ ನಮ್ಮ ಓಣಿಯ ಹೆಂಗಸರು ಮೆಣಸಿನಕಾಯಿ ರಾಶಿಯ ಸುತ್ತ ಕೂರುತ್ತಿದ್ದರು. ಎಲ್ಲರ ಕಣ್ಣೂ ಕೈಯ ಮೇಲೆ. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಆದ್ದರಿಂದಲೇ ಏನು ಬೇಕಾದರೂ ಮಾತಾಡುತ್ತಿದ್ದರು. ನಾನು, ಬಾಯಿಯೇ ಇಲ್ಲದವಳು ಎಂದು ಹೆಸರಾದವಳು, ಅಲ್ಲಿ ಮಾತ್ರ ಮಾತಾಡುತ್ತಿದ್ದೆ. ಅದು ಯಾಕೆ ಹಾಗೆ ಎಂದು ನನಗೆ ಇವತ್ತಿಗೂ ಪೂರ್ತಿ ತಿಳಿದಿಲ್ಲ. ಕೈಗೆ ಕೆಲಸ ಸಿಕ್ಕರೆ ನಾಚಿಕೆ ಎದ್ದು ಎಲ್ಲಿಗೆ ಹೋಗುತ್ತದೆ?

ಮೇಡಂ ಪೇಟೆಗೆ ಹೋಗಿದ್ದರು. ನಾನು ವಿಜಯಾಳಿಗೆ ಹೇಳಿದೆ. ಅವಳ ಮುಖ ನೋಡದೆ, ಚೀಲದ ಮುಖ ನೋಡಿ ಹೇಳಿದೆ.

“ನಾಕು ಮಂದಿ ಬಂದ್ರ ಇದನ್ನ ಬಿಡಸೂಣು ಅಂತ.”

“ನಾಕು ಯಾಕ ನೀಲಕ್ಕ, ಇಡೀ ಹಾಸ್ಟೆಲ್ ತರ್ತೇನಿ,” ಎಂದು ಹೋದಳು. “ಏಳ್ರಿ, ಏಳ್ರಿ, ಇವತ್ತ ಯಾರು ಕುಂಡಿ ಬಗ್ಗಸೂದಿಲ್ಲೋ ಅವರಿಗೆ ಸಾರಿನಾಗ ಖಾರ ಇಲ್ಲ,” ಎಂದು ಕೋಣೆ ಕೋಣೆಯ ಬಾಗಿಲು ಬಡಿದು ಎಲ್ಲರನ್ನೂ ತಂದಳು. ಎಲ್ಲರ ಹಿಂದೆ, ಬರಲೋ ಬೇಡವೋ ಎಂಬಂತೆ, ಮುಮತಾಜ.

ಊಟದ ಕೋಣೆಯ ನೆಲಕ್ಕೆ ಜಮಖಾನ ಹಾಸಿ ಅದರ ಮೇಲೆ ಅರ್ಧ ಚೀಲ ಸುರಿದೆವು. ಹುಡುಗಿಯರು ಸುತ್ತ ಕುಳಿತರು. ಆಗ ಮುಮತಾಜ ಒಂದು ಮಾತು ಹೇಳಿದಳು. “ಮೊದ್ಲ ಕೈಗೆ ಎಣ್ಣಿ ಹಚ್ಚಿಕೊಬೇಕ್ರಿ.” ಅದು ಎಷ್ಟು ಸಣ್ಣ ದನಿಯಲ್ಲಿತ್ತೆಂದರೆ ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳಿತು. ಅದು ಸರಿಯಾದ ಮಾತು. ನನಗೂ ಗೊತ್ತಿದ್ದ ಮಾತು. ನಾನು ಅದನ್ನು ಗಟ್ಟಿಯಾಗಿ ಹೇಳಬೇಕಿತ್ತು. ಇಪ್ಪತ್ತೈದು ಜನ ಗಲಗಲ ಮಾಡುತ್ತಿದ್ದರು, ಅವರ ನಡುವೆ ದನಿ ಎತ್ತಲು ನನಗೆ ಸಂಕೋಚವಾಯಿತು. ಡಬ್ಬಿ ಕಾಯಿ ತಾನೆ, ಏನಾಗುತ್ತದೆ ಎಂದು ಸುಮ್ಮನಾದೆ.

ಮೊದಲ ಅರ್ಧ ಗಂಟೆ ಚೆನ್ನಾಗಿತ್ತು. ಮುಮತಾಜಳ ಕೈಗಳನ್ನು ನೋಡಿ ವಿಜಯಾ ಬಿಡಿಸುವುದನ್ನೇ ನಿಲ್ಲಿಸಿದಳು. ಆ ಹುಡುಗಿ ಎಡಗೈಯಲ್ಲಿ ಮೂರು ಮೂರು ಕಾಯಿ ಹಿಡಿದು, ಬಲಗೈ ಹೆಬ್ಬೆರಳಿನಿಂದ ಟಕ್ ಟಕ್ ಎಂದು ತೊಟ್ಟು ಹಾರಿಸುತ್ತಿದ್ದಳು. ನೋಡುತ್ತಲೂ ಇರಲಿಲ್ಲ.

“ಯವ್ವಾ, ಇಕಿ ಏನ ಮನಷ್ಯಾಳೋ ಮಿಷನ್ನೋ? ಏ ಬಸ್ಸಿನಾಕಿ, ಹೆಂಗ ಮಾಡ್ತಿ ತೋರ್ಸು.”

“ಉಗುರಿಲೆ ಅಲ್ರಿ. ಬಟ್ಟಿನ ಮೆತ್ತಗಿನ ಕಡೀಲೆ. ಹಿಂಗ.”

“ಹಿಂಗ?”

“ಹಂಗ ಮಾಡಿದ್ರ ಕಾಯಿ ಒಡೀತದ. ಬೀಜ ಎಲ್ಲಾ ಉದುರತಾವ. ನಮ್ಮ ಅಬ್ಬಾ ನೋಡಿದ್ರ ನಿಮ್ಮನ್ನ ಕೆಲಸಕ್ಕ ತೊಗೊಳ್ಳೂದಿಲ್ರಿ.”

ಎಲ್ಲರೂ ನಕ್ಕರು. ಈ ಸಲ ಅವಳೂ ನಕ್ಕಳು. ಹನ್ನೆರಡು ದಿನಗಳಲ್ಲಿ ಅವಳ ಹಲ್ಲು ನೋಡಿದ್ದು ಅದೇ ಮೊದಲು. ನಾನು ತಲೆ ತಗ್ಗಿಸಿ, ಇದು ಒಳ್ಳೆಯದಾಯಿತು, ಬಹಳ ಒಳ್ಳೆಯದಾಯಿತು ಎಂದುಕೊಳ್ಳುತ್ತ ಚೀಲದ ಉಳಿದರ್ಧದಿಂದಲೂ ಸ್ವಲ್ಪ ಸುರಿದೆ.

ಆಗ ಒಬ್ಬಳು ಸೀನಿದಳು. ಇನ್ನೊಬ್ಬಳು ಕೆಮ್ಮಿದಳು. ಹಾವೇರಿಯ ಸುಮಾ ಎಂಬ ಹೊಸ ಹುಡುಗಿ ಹಣೆಯ ಕೂದಲು ಸರಿಸಿಕೊಳ್ಳಲು ಹೋಗಿ ಕಣ್ಣು ಮುಟ್ಟಿಕೊಂಡಳು. ಅವಳಿಗೆ ನೀರು ತರಲು ಓಡಿದವಳು ತನ್ನ ಕೈ ತೊಳೆಯದೆ ಅವಳ ಕಣ್ಣು ಒರೆಸಿದಳು. ಈ ಸಲ ಚೀಲದಿಂದ ಬಿದ್ದದ್ದು ಡಬ್ಬಿ ಕಾಯಿ ಆಗಿರಲಿಲ್ಲ. ನುಣ್ಣಗೆ, ಗಿಡ್ಡಗೆ, ಬೆಂಕಿಯಂಥ ಬೇರೆ ಯಾವುದೋ ಕಾಯಿ. ಸ್ವಲ್ಪ ಹೊತ್ತಿನಲ್ಲಿ ಆ ಕೋಣೆಯಲ್ಲಿ ಕಣ್ಣೀರು ಸುರಿಸದವರು ಯಾರೂ ಉಳಿಯಲಿಲ್ಲ.

ಮಕ್ಕಳೇ, ಮುಂದೆ ಆದದ್ದನ್ನು ನಾನು ಇವತ್ತಿಗೂ ಅಚ್ಚರಿಯಿಂದ ನೆನೆಯುತ್ತೇನೆ. ಸುಮಾ ಕಣ್ಣು ಮುಚ್ಚಿಕೊಂಡು ಅಳುತ್ತ ಅಳುತ್ತ, “ನಂಗ ನಮ್ಮವ್ವ ನೆನಪಾಗ್ಯಾಳ,” ಎಂದಳು. ಯಾರೂ ನಗಲಿಲ್ಲ. ಇನ್ನೊಬ್ಬಳು ತಮ್ಮ ಮನೆಯ ಕರು ಈಗ ಎಷ್ಟು ದೊಡ್ಡದಾಗಿದೆಯೋ ಎಂದು ಅತ್ತಳು. ಕಣ್ಣೀರು ಹೇಗೂ ಬರುತ್ತಿತ್ತು. ಯಾವುದು ಮೆಣಸಿನಕಾಯಿಯದು, ಯಾವುದು ಮನೆಯದು ಎಂದು ಕೇಳುವವರಿರಲಿಲ್ಲ. ಎಲ್ಲರೂ ಇದೇ ಸಮಯ ಎಂದು ಉಳಿಸಿಟ್ಟುಕೊಂಡ ಅಳುವನ್ನೆಲ್ಲ ಅತ್ತುಬಿಟ್ಟರು. ಕಡೆಗೆ ವಿಜಯಾ, ಸಂತೆ ನಿಲ್ಲಿಸುವ ವಿಜಯಾ, ಓಢಣಿಯಿಂದ ಮೂಗು ಒರೆಸಿಕೊಳ್ಳುತ್ತ ಹೇಳಿದಳು.

“ನಾ ಮೊದಲನೇ ವರ್ಷ ಒಂದ ತಿಂಗಳ ಬಚ್ಚಲಮನಿ ನಳ ಬಿಟ್ಟು ಅತ್ತೇನಿ. ನೀರ ಖರ್ಚ ಆಗ್ತದಂತ ಮೇಡಂ ಬೈದಿದ್ರು.”

“ಖರೇನ?” ಎಂದಳು ಮುಮತಾಜ.

“ಖರೇ. ಈ ಊರಾಕಿ ಹಂಗ ಅಡ್ಡಾಡತೇನಿ ಅಷ್ಟ. ನಮ್ಮ ಊರು ಇಲ್ಲಿಂದ ಮೂರು ಬಸ್ ಬದಲಿ ಮಾಡಬೇಕು. ಆ ಕಂಡಕ್ಟರ್ ಚೀಟಿ ಬರದಾಕಿನೂ ನಾನ. ಆ ಮೂರು ಬಸ್ಸು ನೆನಪಾಗಿ ಬರದಿದ್ದೆ.”

ನಾನೂ ಅತ್ತೆ. ನಿಮ್ಮ ಅಜ್ಜ ಹೋದ ಮೇಲೆ ಜನರ ಮುಂದೆ ನಾನು ಅತ್ತಿರಲಿಲ್ಲ, ಅದಕ್ಕೂ ನಾಚಿಕೆಯೇ. ಅವತ್ತು ಅತ್ತೆ. ಯಾರಿಗೂ ತಿಳಿಯಲಿಲ್ಲ.

ಇದೇ ಹೊತ್ತಿಗೆ ಎರಡು ಬಾಗಿಲಿನಿಂದ ಇಬ್ಬರು ಬಂದರು. ಪಕ್ಕದ ಬಾಗಿಲಿನಿಂದ ತರಕಾರಿ ಚೀಲ ಹಿಡಿದ ಮೇಡಂ. ಮುಂದಿನ ಬಾಗಿಲಿನಿಂದ ಇಮಾಮಸಾಬರು.

“ಏನ್ರೀ ಇದು ನೀಲಮ್ಮ?” ಎಂದರು ಮೇಡಂ. “ಯಾರು ಇವರನ್ನೆಲ್ಲ ಅಳಿಸಿದ್ದು? ವಿಜಯಾ, ಇದು ನಿನ್ನ ಕೆಲಸವಾ? ನಾನು ಪ್ರಿನ್ಸಿಪಾಲರಿಗೆ ಏನು ಹೇಳಲಿ?”

ಇಮಾಮಸಾಬರು ಏನೂ ಕೇಳಲಿಲ್ಲ. ಇಪ್ಪತ್ತೈದು ಹೆಣ್ಣುಮಕ್ಕಳು ಕಣ್ಣು ಕೆಂಪಗೆ ಮಾಡಿಕೊಂಡು ಬಿಕ್ಕುತ್ತಿದ್ದಾರೆ, ನಡುವೆ ತಮ್ಮ ಮಗಳು. ಅವರು ನೋಡಿದ್ದು ಅಷ್ಟೇ.

“ನಂಗ ಗೊತ್ತಿತ್ತು,” ಎಂದರು. “ನಮ್ಮಾಕಿ ಒಬ್ಬಾಕೀನ ಅಳತಿರಬೇಕಂತ ತಿಳದಿದ್ದೆ. ಇಲ್ಲಿ ಇಡೀ ಹಾಸ್ಟೆಲ್ ಅಳಾಕತ್ತೈತಿ. ನಡಿ ಬೇಟಾ. ಟ್ರಂಕ್ ಎಲ್ಲೈತಿ?”

ಟ್ರಂಕು ಸಿದ್ಧವಾಗಿಯೇ ಇತ್ತಲ್ಲ, ಹಗ್ಗ ಬಿಗಿದು. ಕೋಣೆಗೆ ಹೋದವರೇ ಒಂದು ನಿಮಿಷದಲ್ಲಿ ಅದನ್ನು ಹೆಗಲ ಮೇಲೆ ಹೊತ್ತು ಬಂದರು. ಹೇಳಬೇಕಾದವಳು ನಾನು. ಎರಡು ಮಾತು ಸಾಕಿತ್ತು. ನಾನು ಉದುರಿದ ತೊಟ್ಟುಗಳನ್ನು ಗುಡ್ಡೆ ಮಾಡುತ್ತ ಕುಳಿತೆ. ಅವರು ಹೊಸ್ತಿಲ ತನಕ ಹೋದರು.

“ಅಬ್ಬಾ,” ಎಂದಳು ಮುಮತಾಜ. ಎಲ್ಲರಿಗೂ ಕೇಳುವಂತೆ ಹೇಳಿದಳು. “ಟ್ರಂಕ್ ಕೆಳಗಿಡ್ರಿ. ಈ ಚೀಲದಾಗ ಒಮ್ಮಿ ಕೈ ಹಾಕಿ ನೋಡ್ರಿ.”

ಇಮಾಮಸಾಬರು ತಿರುಗಿದರು. ಅವರಿಗೆ ಆಗ ಚೀಲ ಕಂಡಿತು. ಅಷ್ಟು ವರ್ಷ ಮೆಣಸಿನಕಾಯಿಯಲ್ಲಿ ಕಳೆದ ಮನುಷ್ಯ, ಚೀಲ ನೋಡು ಎಂದರೆ ನೋಡದೆ ಹೋಗಲು ಅವರ ಕೈಲಿ ಆಗುವುದಿಲ್ಲ. ಟ್ರಂಕು ಇಳಿಸಿದರು. ತೋಳು ಏರಿಸಿದರು. ಮೊಳಕೈವರೆಗೆ ಕೈ ಇಳಿಸಿ ತಳದಿಂದ ಒಂದು ಹಿಡಿ ಎಳೆದರು. ಒಂದನ್ನು ಮುರಿದು ಮೂಸಿದರು.

“ಇದನ್ನ ಯಾರ್ರಿ ತಂದಾರ?”

ಎಲ್ಲರೂ ನನ್ನನ್ನು ನೋಡಿದರು.

“ಅಕ್ಕಾರ, ಮ್ಯಾಲಿಂದಷ್ಟ ಡಬ್ಬಿ. ಕೆಳಗಿಂದು ನಮ್ಮ ಸೀಮೀದ ಅಲ್ಲ. ಇದನ್ನ ಬಿಡಸೂ ಮುಂದ ನಮ್ಮ ಹೆಂಗಸರೂ ಎಣ್ಣಿ ಇಲ್ದ ಕುಂದ್ರೂದಿಲ್ರಿ. ತೊಗೊಳ್ಳೂ ಮುಂದ ಕೈ ಹಾಕಿ ನೋಡಲಿಲ್ಲೇನ್ರಿ?”

“ಇಲ್ರಿ.”

“ಯಾಕ್ರಿ?”

“ನಾಚಿಕಿ ಬಂತ್ರಿ.”

ಮೊದಲು ನಕ್ಕವಳು ವಿಜಯಾ. ಆಮೇಲೆ ಇಡೀ ಹಾಸ್ಟೆಲ್ಲು ನಕ್ಕಿತು. ಅತ್ತ ಕಣ್ಣುಗಳಿಂದಲೇ ನಕ್ಕಿತು. ಮೇಡಂ ತರಕಾರಿ ಚೀಲ ಕೆಳಗಿಟ್ಟು, “ಮೆಣಸಿನಕಾಯಿಯಾ?” ಎಂದು ಎರಡು ಸಲ ಕೇಳಿ, ತಾವೂ ಒಂದು ಸಲ ಸೀನಿ, ಕುರ್ಚಿಯ ಮೇಲೆ ಕುಳಿತರು. ನಾನು ಭೂಮಿಯೊಳಗೆ ಇಳಿಯಬೇಕು ಅನ್ನಿಸುವ ಹೊತ್ತು ಅದು. ಆದರೆ ವಿಚಿತ್ರ ನೋಡಿ, ಹಾಗೆ ಅನ್ನಿಸಲಿಲ್ಲ.

ಇಮಾಮಸಾಬರು ನಗಲಿಲ್ಲ. ಮಗಳ ಮುಂದೆ ಕುಕ್ಕರಗಾಲಲ್ಲಿ ಕುಳಿತರು.

“ಇರ್ತೀಯೋ, ಬರ್ತೀಯೋ? ನಿನ್ನ ಬಾಯಿಲೆ ಹೇಳು. ನೀ ಹೆಂಗಂತಿ ಹಂಗ.”

ಅವಳು ಮೊದಲು ಜಮಖಾನದ ಪಟ್ಟಿಗಳನ್ನು ನೋಡಿದಳು. ನನಗೆ ಮತ್ತೆ ಆ ಮೇಜಿನ ಮೇಲಿನ ದಿನ ನೆನಪಾಯಿತು. ಆಮೇಲೆ ಚೀಲದ ಕಡೆ ನೋಡಿದಳು.

“ಈ ಚೀಲ ಮುಗಿಯೋತನ ಇರ್ತೇನಿ ಅಬ್ಬಾ. ಇವರಿಗೆ ಬಿಡಸಾಕ ಬರೂದಿಲ್ಲ.”

“ಚೀಲ ಮುಗಿಯೋತನ,” ಎಂದರು ಅವರು.

“ಮುಗಿಯೋತನ.”

ಅವರು ಎದ್ದು ನಿಂತು ಟ್ರಂಕಿನ ಹಗ್ಗವನ್ನು ಬಿಚ್ಚಿದರು. ಬಿಚ್ಚಿ, ಸುತ್ತಿ, ತಮ್ಮ ಚೀಲದಲ್ಲಿ ಹಾಕಿಕೊಂಡರು. ಆಮೇಲೆ ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡು, “ಭಾಳ ಘಾಟು ಐತ್ರಿ ಇದು,” ಎಂದರು. ಇಡೀ ಬ್ಯಾಡಗಿ ಮಾರುಕಟ್ಟೆಯ ಘಾಟಿನಲ್ಲಿ ಬೆಳೆದ ಮನುಷ್ಯನ ಕಣ್ಣಿನಲ್ಲಿ ನಮ್ಮ ಅರ್ಧ ಚೀಲಕ್ಕೆ ನೀರು ಬಂತೇ ಎಂದು ನನಗೆ ತಿಳಿಯುವ ಆಸೆಯಿತ್ತು. ಕೇಳಲಿಲ್ಲ.

ಮರುದಿನ ಗುಡಿಸಲು ಹೋದಾಗ ಕಿಟಕಿಯ ಕಟ್ಟೆಯ ಮೇಲೆ ನಾಲ್ಕು ಸೋಪಿನ ಡಬ್ಬಿಗಳಿದ್ದವು. ನಾಲ್ಕನೆಯದು ಹಸಿರು ಬಣ್ಣದ್ದು. ಹದಿಮೂರು ದಿನಗಳಿಂದ ಅದರ ಬಣ್ಣ ಯಾವುದಿರಬಹುದು ಎಂದು ನಾನು ಯೋಚಿಸುತ್ತಲೇ ಇದ್ದೆ.

ಇನ್ನು ಚೀಲ. ಕೈಗೆ ಎಣ್ಣೆ ಹಚ್ಚಿಕೊಂಡು ಮುಂದಿನ ಎರಡು ಭಾನುವಾರಗಳಲ್ಲಿ ಬಿಡಿಸಿದರೆ ಅದು ಮುಗಿದೇಹೋಗುತ್ತಿತ್ತು. ಹಾಗೆ ಮುಗಿಯಲು ಬಂದಿತು ಕೂಡ. ಆಗ ನಾನು ನನ್ನ ಜೀವನದಲ್ಲೇ ಮೊದಲ ಸಲ ಸರಕಾರಿ ನೌಕರರ ಹಾಗೆ ಯೋಚಿಸಿ ಒಂದು ಕೆಲಸವನ್ನು ಬೇಕೆಂದೇ ಮುಗಿಸಲಿಲ್ಲ. ಕೊನೆಯ ಒಂದು ಬೊಗಸೆಯನ್ನು ತೊಟ್ಟು ಬಿಡಿಸದೆ ಚೀಲದ ತಳದಲ್ಲಿ ಬಿಟ್ಟು, ಬಾಯಿ ಕಟ್ಟಿ, ಉಗ್ರಾಣದ ಮೂಲೆಯಲ್ಲಿ ನಿಲ್ಲಿಸಿದೆ. ದಸರೆಯ ರಜೆ ಮುಗಿಸಿ ಬಂದ ಮುಮತಾಜ ಬುತ್ತಿಯ ಗಂಟು ನನ್ನ ಕೈಗೆ ಕೊಡುತ್ತ ಮೆಲ್ಲಗೆ ಕೇಳಿದಳು.

“ನೀಲಕ್ಕಾರ, ಚೀಲ ಮುಗೀತೇನ್ರಿ?”

“ಎಲ್ಲಿ ಮುಗೀತದವ್ವ, ಇನ್ನೂ ಐತಿ.”

ದೀಪಾವಳಿಗೆ ಕೇಳಿದಳು. ಬೇಸಿಗೆ ರಜೆ ಮುಗಿಸಿ ಬಂದು ಕೇಳಿದಳು. ಎರಡನೆಯ ವರ್ಷ ಕೇಳಿದಳು, ಮೂರನೆಯ ವರ್ಷವೂ ಕೇಳಿದಳು. ಪ್ರತಿ ಸಲ ನನ್ನ ಉತ್ತರ ಅದೇ. ಬ್ಯಾಡಗಿಯ ಹುಡುಗಿಗೆ ಒಂದು ಚೀಲ ಮೆಣಸಿನಕಾಯಿ ಇಪ್ಪತ್ತೈದು ಜನರ ಹಾಸ್ಟೆಲ್ಲಿಗೆ ಎಷ್ಟು ತಿಂಗಳು ಬರುತ್ತದೆ ಎಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ನನಗೂ ಅವಳಿಗೆ ಗೊತ್ತಿದೆ ಎಂಬುದು ಗೊತ್ತಿತ್ತು. ಇಬ್ಬರೂ ಆ ಬಗ್ಗೆ ಒಂದು ಮಾತೂ ಹೆಚ್ಚಿಗೆ ಆಡಲಿಲ್ಲ.

ಮೇಡಂ ಮರುವರ್ಷದ ಸ್ವಾಗತ ಸಮಾರಂಭದ ಕಾರ್ಯಕ್ರಮ ಪಟ್ಟಿಯನ್ನು ಗೋಡೆಗೆ ಅಂಟಿಸಿದರು. ಪ್ರಾರ್ಥನೆ ಆದ ಮೇಲೆ, ವಂದನಾರ್ಪಣೆಗಿಂತ ಮೊದಲು, “ಮೆಣಸಿನಕಾಯಿ ಬಿಡಿಸುವುದು: ನೀಲಮ್ಮ” ಎಂದಿತ್ತು. ಕೆಳಗೆ ಕೆಂಪು ಶಾಯಿಯಲ್ಲಿ “ಎಣ್ಣೆ ಕಡ್ಡಾಯ”. ಮೇಜು ಜೋಡಿಸಲಿಲ್ಲ. ಜಮಖಾನವನ್ನು ನೆಲಕ್ಕೇ ಹಾಸಿದರು. ಹೊಸ ಹುಡುಗಿಯರಿಗೆ ಬೆರಳಿನ ಮೆತ್ತಗಿನ ಕಡೆ ತೋರಿಸಿಕೊಟ್ಟವಳು ಮುಮತಾಜ. ಅವರೆಲ್ಲ ಕೈ ನೋಡುತ್ತ ತಮ್ಮ ತಮ್ಮ ಹೆಸರು, ಊರು ಹೇಳಿದರು. ಗುರಿ ಏನೆಂದು ಯಾರೂ ಕೇಳಲಿಲ್ಲ. ಆದರೂ ಇಬ್ಬರು ಹೇಳಿದರು. ಆ ವರ್ಷದ ಚೀಲ ಕೊಳ್ಳಲು ಬ್ಯಾಡಗಿಗೆ ನಾನೇ ಹೋಗಿದ್ದೆ. ಗಂಡಸರು ನಿಂತಿದ್ದರು, ನಿಲ್ಲಲಿ ಎಂದು ಸೆರಗಿನಿಂದ ಕೈ ತೆಗೆದು ಮೊಳಕೈವರೆಗೆ ಇಳಿಸಿದೆ. ಚೀಲದ ತಳ ಬೆಚ್ಚಗಿರುತ್ತದೆ. ಅದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮೂರು ವರ್ಷ ಮುಗಿಸಿ ಹೊರಟ ದಿನ ಮುಮತಾಜ ಉಗ್ರಾಣಕ್ಕೆ ಬಂದಳು. ಹಳೆಯ ಚೀಲದ ಬಾಯಿ ಬಿಚ್ಚಿದಳು. ಬಣ್ಣ ಹೋಗಿ ಹುಲ್ಲಿನಂತಾಗಿದ್ದ ಆ ಬೊಗಸೆ ಕಾಯಿಗಳ ಮುಂದೆ ಕುಳಿತು, ಒಂದೊಂದೇ ತೊಟ್ಟು ಬಿಡಿಸಿದಳು. ಮೂರು ಮೂರು ಹಿಡಿಯಲಿಲ್ಲ. ಕೊನೆಯ ಒಂದನ್ನು ಮಾತ್ರ ಬಿಡಿಸದೆ ನನ್ನ ಅಂಗೈಯಲ್ಲಿಟ್ಟಳು.

“ಇನ್ನೂ ಮುಗಿದಿಲ್ರಿ,” ಎಂದಳು.

ಅವಳು ಹೋದ ಮೊದಲ ವರ್ಷ, ಹಾವೇರಿಯ ಒಂದು ಶಾಲೆಯಲ್ಲಿ ಕಲಿಸುತ್ತಿದ್ದೇನೆ ಎಂದು ಅವಳಿಂದ ಒಂದು ಕಾಗದ ಬಂದಿತ್ತು. ಉತ್ತರ ಬರೆಯಲು ಕುಳಿತು, ಮೇಡಂ ಎಂದು ಬರೆಯಬೇಕೋ ಮುಮತಾಜ ಎಂದು ಬರೆಯಬೇಕೋ ತಿಳಿಯದೆ ನಾಲ್ಕು ಹಾಳೆ ಹರಿದೆ. ಕಡೆಗೆ ಬರೆಯಲೇ ಇಲ್ಲ. ಅವಳು ಈಗ ಎಲ್ಲಿದ್ದಾಳೆ, ಅವಳ ಮಕ್ಕಳು ಯಾವ ಹಾಸ್ಟೆಲ್ಲಿನಲ್ಲಿದ್ದಾರೆ, ಅವರ ಸೋಪಿನ ಡಬ್ಬಿ ಎಲ್ಲಿದೆ, ಇವೆಲ್ಲ ನನಗೆ ತಿಳಿಯಬೇಕು. ಸ್ಫೂರ್ತಿ, ನಿನ್ನದೂ ಎಲ್ಲಿದೆ ಎಂದು ತಿಳಿಯಬೇಕು. ಈ ಸಲ ಬಂದಾಗ ನೀನು ಅದನ್ನು ಧಾರವಾಡದಲ್ಲೇ ಬಿಟ್ಟು ಬಂದೆಯೋ, ಚೀಲದಲ್ಲಿ ಹಾಕಿಕೊಂಡು ಬಂದೆಯೋ ಎಂದು ನಿನ್ನ ಚೀಲ ನೋಡಲು ಕೈ ಚಾಚಿದ್ದೆ. ಹಿಂದಕ್ಕೆ ತೆಗೆದುಕೊಂಡೆ. ಇದು ಮೆಣಸಿನಕಾಯಿ ಚೀಲವಲ್ಲ, ನೀನಾಗಿ ಹೇಳಬೇಕು. ಕೈಗೆ ಕೆಲಸ ಬೇಕೆನಿಸಿದರೆ ಅಡುಗೆಮನೆಗೆ ಬಾ. ಬಿಡಿಸುವುದು ಏನಾದರೂ ಇದ್ದೇ ಇರುತ್ತದೆ. ನಾನು ನಿನ್ನ ಮುಖ ನೋಡುವುದಿಲ್ಲ.

ಗುಲಾಬಿ ಬಿಲ್ಲೆಯನ್ನು ಒಣಗಿಸಿ ಈ ಹಾಳೆಗಳ ಜೊತೆ ಇಟ್ಟಿದ್ದೇನೆ. ಆ ಒಂದು ಕಾಯಿಯೂ ಇಲ್ಲೇ ಇದೆ, ಹಾಳೆಗಳ ಸಂದಿಯಲ್ಲಿ. ಒಣ ಮೆಣಸಿನಕಾಯಿ ಇದ್ದಲ್ಲಿ ಕಾಗದಕ್ಕೆ ಹುಳ ಹಿಡಿಯುವುದಿಲ್ಲ ಎಂದು ನಮ್ಮ ಕಡೆ ಹೇಳುತ್ತಾರೆ. ನಿಜವೋ ಸುಳ್ಳೋ ನೀವು ಮುಂದೆ ನೋಡಿ ತಿಳಿದುಕೊಳ್ಳಿ. ಇಬ್ಬರೂ ಓದಿದ ಮೇಲೆ ಇವನ್ನು ಮಡಚಿ, ನನ್ನ ಟ್ರಂಕಿನ ತಳದಲ್ಲಿ, ಕೈ ಮೊಳಕೈವರೆಗೆ ಇಳಿಸಿದರೆ ಸಿಗುವ ಜಾಗದಲ್ಲಿ, ಜೋಪಾನವಾಗಿ ಇಡಿ. ಕಾಯಿಯ ತೊಟ್ಟನ್ನು ಮಾತ್ರ ಬಿಡಿಸಬೇಡಿ.